ನಾಯಿ ಮಾವಿನ ಗೊರಟೆ ನುಂಗಿದೆ, ಅನುಭವ ಇದ್ದವರು ಹೇಳಿ

ಶಿರಸಿಯಿಂದ:
ನಮ್ಮ ಲ್ಯಾಬ್ರಡಾರ್ ನಾಯಿ, ಎರಡು ವರ್ಷ, 28 ಕೆಜಿ. ನಿನ್ನೆ ಸಂಜೆ ಇಡೀ ಗೊರಟೆ ನುಂಗಿದ. ಬೆಳಿಗ್ಗೆಯಿಂದ ಎರಡು ಸಲ ವಾಂತಿ, ಊಟ ಮುಟ್ಟಿಲ್ಲ. ಮಲದಲ್ಲಿ ಹೋಗುತ್ತೆ ಅಂತ ಕಾಯಬಹುದಾ?

ಹಾಸನದಿಂದ:
ಕಾಯಬೇಡಿ. ನಮ್ಮ ನಾಯಿಯೂ ಮಾವಿನ ಓಟೆ (ಗೊರಟೆ) ನುಂಗಿತ್ತು, ನಾನು ಮೂರು ದಿನ ಕಾದೆ. ಮೊದಲ ದಿನ ಎಕ್ಸ್‌ರೇ, 700 ರೂಪಾಯಿ. ಓಟೆ ಅದರಲ್ಲಿ ಕಾಣಲೇ ಇಲ್ಲ. ಗ್ಯಾಸ್ ಅಂತ ಇಂಜೆಕ್ಷನ್ ಹಾಕಿ ಕಳಿಸಿದರು. ಮಾರನೇ ದಿನ ಹಳದಿ ವಾಂತಿ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿಕೊಂಡು ಮೂಲೆಯಲ್ಲಿ ನಿಂತೇ ಇದ್ದಳು. ಮೂರನೇ ದಿನ ಸ್ಕ್ಯಾನಿಂಗ್ 1,200. ಸಣ್ಣ ಕರುಳಲ್ಲಿ ಸಿಕ್ಕಿಕೊಂಡಿತ್ತು. ಆಪರೇಷನ್ 22,000, ರಕ್ತ ಪರೀಕ್ಷೆ 1,450, ಡ್ರಿಪ್ ನಾಲ್ಕು ದಿನ, ದಿನಕ್ಕೆ 600. ಕಾರು ಬಾಡಿಗೆ 3,000. ಒಟ್ಟು 30,750. ಒಂದು ಗೇಣು ಕರುಳು ಕಪ್ಪಾಗಿತ್ತು, ಕತ್ತರಿಸಿ ಜೋಡಿಸಿದರು. ಓಟೆಯನ್ನು ಸ್ಟೀಲ್ ತಟ್ಟೆಯಲ್ಲಿ ತಂದು ತೋರಿಸಿದರು. ನಾರು ಇನ್ನೂ ಹಾಗೇ ಅಂಟಿಕೊಂಡಿತ್ತು.

ತುಮಕೂರಿನಿಂದ:
ಇಷ್ಟು ಹೆದರಿಸಬೇಡಿ. ನಮ್ಮ ಮುಧೋಳ ನಾಯಿ ಎರಡು ಸಲ ಓಟೆ ನುಂಗಿದ್ದಾನೆ. ಎರಡು ಸಲವೂ ತಕ್ಷಣ ಉಪ್ಪು ನೀರು ಕುಡಿಸಿದೆವು, ಹತ್ತು ನಿಮಿಷದಲ್ಲಿ ಕಕ್ಕಿದ. ಒಂದು ರೂಪಾಯಿ ಖರ್ಚಿಲ್ಲ.

ಮಂಗಳೂರಿನಿಂದ:
ಉಪ್ಪು ನೀರು ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ಪಕ್ಕದ ಮನೆಯವರು ಅದನ್ನೇ ಮಾಡಿದರು. ನಾಯಿ ಕಕ್ಕಲಿಲ್ಲ, ಉಪ್ಪು ರಕ್ತಕ್ಕೆ ಏರಿತು, ರಾತ್ರಿಯೆಲ್ಲಾ ಫಿಟ್ಸ್. ನಮ್ಮದು ಗಾಳದ ಕೊಕ್ಕೆ ನುಂಗಿತ್ತು. ಬಾಯಿಂದ ದಾರ ನೇತಾಡುತ್ತಿತ್ತು. ನಮ್ಮವರು ಗಾಬರಿಯಲ್ಲಿ ಎಳೆದೇಬಿಟ್ಟರು. ಕೊಕ್ಕೆ ಅನ್ನನಾಳಕ್ಕೆ ಇನ್ನೂ ಆಳವಾಗಿ ಕಚ್ಚಿತು. ಎಂಡೋಸ್ಕೋಪಿಗೆ 14,500 ಆಯಿತು. ಆ ಒಂದು ಎಳೆತ ಇವತ್ತಿಗೂ ಅವರ ತಲೆಯಿಂದ ಹೋಗಿಲ್ಲ.

ತುಮಕೂರಿನಿಂದ:
ಕೊಕ್ಕೆಗೂ ಓಟೆಗೂ ಏನು ಸಂಬಂಧ? ನಮ್ಮ ತಾತ ನಲವತ್ತು ವರ್ಷ ನಾಯಿ ಸಾಕಿದವರು, ಇದೇ ಮದ್ದು. ಪೇಟೆಯವರಿಗೆ ಎಲ್ಲದಕ್ಕೂ ಸ್ಕ್ಯಾನಿಂಗ್ ಬೇಕು.

ಹಾಸನದಿಂದ:
ತಾತನ ಕಾಲದಲ್ಲಿ ನಾಯಿ ಸತ್ತರೆ ಯಾಕೆ ಸತ್ತಿತು ಅಂತ ಯಾರು ನೋಡುತ್ತಿದ್ದರು ಸ್ವಾಮಿ? ನೀವು ನುಂಗಿದ ಕೂಡಲೇ ಕಕ್ಕಿಸಿದ್ದೀರಿ. ಇವರದು ರಾತ್ರಿ ಕಳೆದಿದೆ. ಕರುಳಿಗೆ ಇಳಿದಿರೋದು ಕಕ್ಕಿಸಿದರೆ ಬರುತ್ತಾ?

ಬೆಂಗಳೂರಿನಿಂದ:
ನಮ್ಮ ಪೊಮೆರೇನಿಯನ್ ನಾಯಿ ಕಾರಿನ ಕೀಯಿಂದ ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಕಿತ್ತು ನುಂಗಿತ್ತು. ಅದು ಅನ್ನನಾಳದಲ್ಲಿ ಸಿಕ್ಕಿದರೆ ಒಂದೆರಡು ಗಂಟೆಯಲ್ಲೇ ಸುಡಲು ಶುರು. ಕಕ್ಕಿಸುವ ಹಾಗೇ ಇಲ್ಲ. ನಾವು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಓಡಿದೆವು, ಉಳಿಯಿತು. ಹಾಸನದಲ್ಲೂ ಕಾಲೇಜು ಇದೆಯಲ್ಲ, ಅಲ್ಲಿಗೆ ಹೋಗಿದ್ದರೆ 30,000 ಯಾಕೆ ಆಗುತ್ತಿತ್ತು?

ಹಾಸನದಿಂದ:
ಆವತ್ತು ಭಾನುವಾರ ರಾತ್ರಿ. ಹತ್ತಿರ ಯಾವುದು ತೆರೆದಿತ್ತೋ ಅಲ್ಲಿಗೆ ಓಡಿದೆ. ಬಿಲ್ಲು ನೋಡಿ ಮಾತಾಡುವುದು ಸುಲಭ.

ಶಿರಸಿಯಿಂದ:
ಮೂರನೇ ಸಲ ವಾಂತಿ ಆಯಿತು. ಹೊಟ್ಟೆ ಮುಟ್ಟಲು ಬಿಡುತ್ತಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೊರಟಿದ್ದೇವೆ.

ತುಮಕೂರಿನಿಂದ:
ಹಾಸನದವರೇ, ಮಾವಿನ ಕಾಲದಲ್ಲಿ ನಾಯಿಯನ್ನು ಮರದ ಕೆಳಗೆ ಬಿಟ್ಟಿದ್ದು ಯಾರು?

ಹಾಸನದಿಂದ:
ಮರದ ಕೆಳಗಲ್ಲ. ನನ್ನ ಮಗಳ ಕೈಯಿಂದ ಜಾರಿ ಬಿದ್ದದ್ದು. ಏಳು ವರ್ಷದ ಮಗು. ಅವಳು ಈಗ ಮಾವಿನಹಣ್ಣು ತಿನ್ನುವುದನ್ನೇ ಬಿಟ್ಟಿದ್ದಾಳೆ. ಮಾತು ನೋಡಿಕೊಂಡು ಆಡಿ.