ಬಸ್ ನಿಲ್ದಾಣದ ಗೋಡೆಚಿತ್ರಕ್ಕೆ ಪುರಸಭೆಯ ಹಣ: ಯಾರ ಚಿತ್ರ, ಯಾವ ಲೆಕ್ಕದಲ್ಲಿ?

ಹಿನ್ನೀರಿನವ (ಪ್ರಶ್ನೆ)

ಸಾಗರದ ಆಸುಪಾಸಿನ ನಮ್ಮ ಪಟ್ಟಣದಲ್ಲಿ ಬಸ್ ನಿಲ್ದಾಣದ ಕಾಂಪೌಂಡ್ ಗೋಡೆಗೆ ಸ್ಥಳೀಯ ಪರಂಪರೆಯ ಚಿತ್ರಗಳನ್ನು ಬರೆಸುವ ಪ್ರಸ್ತಾವವೊಂದು ಪುರಸಭೆಯ ಮುಂದಿದೆ. ಪ್ರಸ್ತಾವವೇನೋ ಒಳ್ಳೆಯದೇ. ಆದರೆ ಕರಡಿನಲ್ಲಿರುವುದು ಜೋಗ ಜಲಪಾತ, ಯಕ್ಷಗಾನದ ಕಿರೀಟ, ಇಕ್ಕೇರಿಯ ದೇವಸ್ಥಾನ ಮತ್ತು ಕುದುರೆಯೇರಿದ ಶಿವಪ್ಪ ನಾಯಕ. ಯಾವ ಪ್ರವಾಸೋದ್ಯಮ ಫಲಕದಲ್ಲಿಯೂ ಸಿಗುವಂಥವು. ಮದುವೆ ಮನೆಯ ಹಸೆಗೋಡೆಗೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಣ್ಣುಮಕ್ಕಳಾಗಲಿ, ಗಂಧದ ಕೆತ್ತನೆಯ ಗುಡಿಗಾರರಾಗಲಿ, 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರಾಗಲಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ, ಗದ್ದೆ, ತೋಟ ಬಿಟ್ಟು ಎದ್ದುಹೋದ ಕುಟುಂಬಗಳಾಗಲಿ ಅದರಲ್ಲಿ ಎಲ್ಲಿಯೂ ಇಲ್ಲ. ಈ ಬಗ್ಗೆ ವಿಚಾರಿಸಿದಾಗ, ಅಂಥ ಚಿತ್ರಗಳಿಗೆ ಬೇರೆ ಅನುದಾನ ತರಬೇಕಾಗುತ್ತದೆ ಎಂಬ ಉತ್ತರ ಬಂತು. ಇದು ನಿಜವೇ? ಪುರಸಭೆ ಇಂಥ ಕೆಲಸಕ್ಕೆ ಯಾವ ಬಾಬಿನಿಂದ ಹಣ ಕೊಡಬಹುದು, ಮತ್ತು ಆಯಾ ಸಮುದಾಯದ ಕಲಾವಿದರಿಗೇ ಕೆಲಸ ಸಿಗುವಂತೆ ಮಾಡುವ ದಾರಿ ಇದೆಯೇ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕಾಗಿ ಕೋರುತ್ತೇನೆ.

ಲೆಕ್ಕಪತ್ರ

ನಾನು ಸ್ಥಳೀಯ ಸಂಸ್ಥೆಯೊಂದರ ಲೆಕ್ಕ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೇರೆ ಅನುದಾನ ಬೇಕು ಎಂಬ ಮಾತಿಗೆ ಆಧಾರವಿಲ್ಲ. ಸಂವಿಧಾನದ 12ನೇ ಅನುಸೂಚಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ 13ನೆಯದಾಗಿ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾಭಿರುಚಿಯ ವಿಷಯಗಳ ಪ್ರೋತ್ಸಾಹವನ್ನೇ ಸೇರಿಸಿದೆ. ಶಿವಪ್ಪ ನಾಯಕನಿಗೆ ಹೊಂದುವ ಲೆಕ್ಕ ಶೀರ್ಷಿಕೆ ಚಿತ್ತಾರಕ್ಕೂ ಹೊಂದುತ್ತದೆ. ಗೋಡೆ ಒಂದೇ, ಪುರಸಭೆಯ ಸ್ವಂತ ನಿಧಿಯೂ ಒಂದೇ.

ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಸಮುದಾಯಗಳ ಚಿತ್ರ ಎಂದ ಕೂಡಲೇ ಪರಿಶಿಷ್ಟರ ಕಲ್ಯಾಣಕ್ಕೆ ಮೀಸಲಾದ ಶೇ. 24.10ರ ನಿಧಿಯ ಕಡೆಗೆ ಕೈ ತೋರಿಸುವವರು ಇರುತ್ತಾರೆ. ಆ ಹಣ ಆ ಕುಟುಂಬಗಳಿಗೆ ನೇರ ಪ್ರಯೋಜನವಾಗುವ ಕೆಲಸಗಳಿಗೆ ಇರುವುದೇ ಹೊರತು ಬಸ್ ನಿಲ್ದಾಣದ ಅಂದಕ್ಕಲ್ಲ. ಸಾಲದ್ದಕ್ಕೆ ದೀವರು ಹಿಂದುಳಿದ ವರ್ಗಗಳ ಪ್ರವರ್ಗ 2ಎಗೆ ಸೇರಿದವರು, ಆ ನಿಧಿಗೂ ಅವರಿಗೂ ಸಂಬಂಧವೇ ಇಲ್ಲ. ಊರಿನವರೆಲ್ಲರ ಗೋಡೆಗೆ ಊರಿನವರೆಲ್ಲರ ತೆರಿಗೆಯ ಹಣವನ್ನೇ ಕೇಳಿ.

ಹೊರಗಿನ ಮೂಲಗಳೂ ಇವೆ. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಾಂಪ್ರದಾಯಿಕ ಕರಕುಶಲ ಇವೆಲ್ಲ ಇರುವುದರಿಂದ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣ ಪಡೆಯಬಹುದು. ಆದರೆ ಕಂಪನಿಗಳು ತಾವು ಕಾರ್ಯಾಚರಿಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಅದೇ ಕಾಯ್ದೆ ಹೇಳುವುದರಿಂದ, ಕಾರ್ಖಾನೆಯೇ ಇಲ್ಲದ ಮಲೆನಾಡಿನ ಪಟ್ಟಣಕ್ಕೆ ಅದು ಹರಿದು ಬರುವುದು ಅಪರೂಪ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ನೋಂದಾಯಿತ ಸಂಘಗಳಿಗೆ ಸಿಗುತ್ತದೆ. ಅದನ್ನು ತರಬೇತಿಗೋ ಪ್ರಾತ್ಯಕ್ಷಿಕೆಗೋ ಇಟ್ಟುಕೊಳ್ಳುವುದು ಲೇಸು.

ಗೋಡೆ ಬರಹ

ಮೇಲಿನವರು ಹೇಳಿದ್ದು ಸರಿ. ಆದರೆ ನನ್ನ ಅನುಭವದಲ್ಲಿ ಯಾರ ಚಿತ್ರ ಗೋಡೆಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಅನುದಾನವಲ್ಲ, ಅಂದಾಜು ಪಟ್ಟಿ. ಕಿರಿಯ ಎಂಜಿನಿಯರ್ ಚಿತ್ರವನ್ನೂ ಸುಣ್ಣಬಣ್ಣದಂತೆ ಚದರ ಮೀಟರ್ ಲೆಕ್ಕದಲ್ಲಿ ಬರೆದರೆ ಅಲ್ಲಿಗೆ ಮುಗಿಯಿತು. ಟೆಂಡರ್ ಕರೆಯುತ್ತಾರೆ, ಗುತ್ತಿಗೆದಾರರ ಪರವಾನಗಿ, ಜಿಎಸ್‌ಟಿ ನೋಂದಣಿ, ಹಿಂದಿನ ಕಾಮಗಾರಿಯ ಪ್ರಮಾಣಪತ್ರ, ಇಎಂಡಿ (ಟೆಂಡರ್‌ಗೆ ಇಡುವ ಠೇವಣಿ) ಎಲ್ಲವನ್ನೂ ಕೇಳುತ್ತಾರೆ, ಅತಿ ಕಡಿಮೆ ದರ ಹಾಕಿದವನಿಗೆ ಕೆಲಸ ಹೋಗುತ್ತದೆ. ನಲವತ್ತು ವರ್ಷ ಹಸೆಗೋಡೆ ಬರೆದ ಅಜ್ಜಿಯ ಬಳಿ ಇವುಗಳಲ್ಲಿ ಒಂದೂ ಇರುವುದಿಲ್ಲ. ನಾನು ಕಂಡ ಒಂದು ಊರಿನಲ್ಲಿ ಗೋಡೆಯ ಗುತ್ತಿಗೆ ಹಿಡಿದವರು ಚಿತ್ತಾರದ ಫೋಟೋವನ್ನು ಅಂತರ್ಜಾಲದಿಂದ ಇಳಿಸಿ, ಫ್ಲೆಕ್ಸ್ ಕತ್ತರಿಸಿ ಅಚ್ಚು ಮಾಡಿ, ಸ್ಪ್ರೇ ಹೊಡೆಸಿ ಬಿಲ್ ಪಡೆದರು. ಆ ಕಲೆಯ ಹೆಣ್ಣುಮಕ್ಕಳು ಅದೇ ಊರಿನಲ್ಲಿ, ನಡೆದು ಹೋಗುವಷ್ಟು ದೂರದಲ್ಲಿದ್ದರು.

ಚಿತ್ತಾರದ ಕೆಲಸ ಎಂಥದ್ದೆಂದು ಗೊತ್ತಿದ್ದವರು ಅದಕ್ಕೆ ಚದರ ಮೀಟರಿನ ದರ ಹಾಕಲಾರರು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿಯನ್ನು ಪುಂಡಿನಾರಿನ ಕುಂಚದಿಂದ ಎಳೆ ಎಳೆಯಾಗಿ ಎಳೆಯುತ್ತಾರೆ. ಒಂದೆಳೆ ಅಲುಗಿದರೆ ಪಕ್ಕದ ಎಳೆಗಳೆಲ್ಲ ದಾರಿ ತಪ್ಪುತ್ತವೆ. ಅಂಗೈ ಅಗಲದ ಜಾಗಕ್ಕೇ ಗಂಟೆಗಟ್ಟಲೆ ಕೂರಬೇಕು. (ಗೇಣಿ ಅಳೆಯುವ ಕೊಳಗವೆಂಬ ಪಾತ್ರೆಯ ಅಳತೆಗಾಗಿ ಕಾಗೋಡು ಸತ್ಯಾಗ್ರಹ ಮಾಡಿದ ಸೀಮೆಯಲ್ಲಿ ಈಗ ಚದರ ಮೀಟರಿನ ಅಳತೆಯ ಮಾತು ಬಂದಿರುವುದು ವಿಚಿತ್ರವೇ.)

ಆದ್ದರಿಂದ ಅಂದಾಜು ಪಟ್ಟಿಯನ್ನು ಎರಡಾಗಿ ಒಡೆಯಲು ಕೇಳಿ. ಗೋಡೆಯ ಗಾರೆ ರಿಪೇರಿ, ತೇವ ತಡೆಯುವ ಲೇಪನ, ಪ್ರೈಮರ್, ಅಟ್ಟಣಿಗೆ ಇವು ಕಾಮಗಾರಿ. ಎಸ್‌ಆರ್ (ಸರ್ಕಾರಿ ದರಪಟ್ಟಿಯ) ದರದಲ್ಲಿ ಟೆಂಡರ್ ಆಗಲಿ. ಚಿತ್ರ ಬರೆಯುವುದು ಕಲಾವಿದರ ಗೌರವಧನ. ಅದಕ್ಕೆ ಪ್ರಕಟಣೆ ಹೊರಡಿಸಿ, ಲಲಿತಕಲಾ ಅಕಾಡೆಮಿ ಅಥವಾ ಜಾನಪದ ಅಕಾಡೆಮಿಯಿಂದ ಒಬ್ಬರನ್ನು ಆಯ್ಕೆ ಸಮಿತಿಗೆ ಕರೆಸಿ, ದಿನದ ಲೆಕ್ಕದಲ್ಲಿ ಹಣವನ್ನು ನೇರವಾಗಿ ಅವರ ಬ್ಯಾಂಕ್ ಖಾತೆಗೆ ಹಾಕಲಿ. ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ 1999ರ ಪಾರದರ್ಶಕತೆ ಕಾಯ್ದೆಯ ಮಿತಿಯನ್ನು ಮೊತ್ತ ಮೀರುವಂತಿದ್ದರೆ 4(ಜಿ) ಅಡಿಯ ವಿನಾಯಿತಿಗೆ ಸರ್ಕಾರಕ್ಕೆ ಬರೆಯಬೇಕಾಗುತ್ತದೆ. ಅದು ಸುಲಭವಲ್ಲ. ಆದ್ದರಿಂದ ಇಡೀ ಗೋಡೆಯ ಆಸೆ ಬಿಟ್ಟು ಸಣ್ಣ ಭಾಗದಿಂದ ಆರಂಭಿಸುವುದು ಜಾಣತನ.

ಕೆಮ್ಮಣ್ಣು

ದೀವರ ಮನೆಯಿಂದ ಬಂದವಳಾಗಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ಹಸೆಗೋಡೆಯ ಚಿತ್ತಾರ ಮದುಮಕ್ಕಳು ಕೂರುವ ಜಾಗದ ಹಿಂದಿನದು. ಎಲೆಅಡಿಕೆ ಉಗಿಯುವ, ಚುನಾವಣೆಯ ಪೋಸ್ಟರ್ ಅಂಟಿಸುವ ಗೋಡೆಗೆ ಅದನ್ನು ತರುವುದು ನಮ್ಮ ಹಿರಿಯ ಹೆಂಗಸರಿಗೆ ಒಪ್ಪಿಗೆಯೇ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ಪೈರನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಯ ಚಿತ್ತಾರ ಹೇಗೂ ಮನೆಯಿಂದ ಗದ್ದೆಗೆ ಹೊರಡುವಂಥದ್ದು. ಅದನ್ನು ಬರೆಯಲು ಅವರು ಒಪ್ಪಬಹುದು. ಯಾವುದನ್ನು ಬರೆಯಬೇಕೆಂಬುದನ್ನು ಪುರಸಭೆಯೂ ಅಕಾಡೆಮಿಯೂ ನಿರ್ಧರಿಸಿ, ಕೈ ಮಾತ್ರ ನಮ್ಮದಾದರೆ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ 2016ರಲ್ಲಿ ಆರಂಭವಾದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯರು ತಮ್ಮ ಗೋಡೆಗಳನ್ನು ತಾವೇ ಬರೆಯುತ್ತಾರೆ. ಅವರ ಬಗ್ಗೆ ಬೇರೆಯವರು ಬರೆದ ಚಿತ್ರವಲ್ಲ ಅದು. ಮುಳುಗಡೆಯ ಕುಟುಂಬಗಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಅವರಲ್ಲಿ ಎಷ್ಟೋ ಜನ ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವಾಗ ಹಿನ್ನೀರಿನ ಸುಂದರ ಸೂರ್ಯಾಸ್ತವನ್ನು ಗೋಡೆಗೆ ಬರೆಸಿದರೆ ಅದು ಅವರನ್ನು ಅಣಕಿಸಿದಂತೆ.

ಹಿನ್ನೀರಿನವ

ಕೆಮ್ಮಣ್ಣು ಅವರೇ, ನೀವು ಹೇಳಿದ್ದನ್ನು ಮನವಿಯ ಮೊದಲ ಅಂಶವಾಗಿಯೇ ಸೇರಿಸುತ್ತೇನೆ. ಒಪ್ಪಿಗೆ ಮೊದಲು, ವಿನ್ಯಾಸ ಆಮೇಲೆ. ಇನ್ನೊಂದು ಸಂದೇಹ: ನಮ್ಮ ಮಳೆಗೆ ಮಣ್ಣಿನ ಬಣ್ಣ ನಿಲ್ಲುವುದಿಲ್ಲ, ಅಕ್ರಿಲಿಕ್ ಎಮಲ್ಷನ್ ಆದರೂ ಕೆಲವೇ ಮಳೆಗಾಲ. ನಾಳೆ ಇನ್ನೊಬ್ಬ ಮುಖ್ಯಾಧಿಕಾರಿ ಬಂದು ಅದರ ಮೇಲೆ ಸುಣ್ಣ ಬಳಿಸಿದರೆ ಕೇಳುವವರು ಯಾರು?

ಗೋಡೆ ಬರಹ

ಹೊರಗೋಡೆಗೆ ಅಕ್ರಿಲಿಕ್ಕೇ ಗತಿ. ಮಣ್ಣಿನ ಬಣ್ಣದ ಕೆಲಸವನ್ನು ನಿಲ್ದಾಣದ ಒಳಗಡೆ, ಪ್ರಯಾಣಿಕರು ಕೂರುವ ಕಟ್ಟೆಯ ಹಿಂದೆ, ಮಾಡಿನ ಕೆಳಗೆ ಬರೆಸಿ. ಅಲ್ಲಿ ಮಳೆಯ ಹೊಡೆತ ತಾಕದು. ಚಿತ್ತಾರ ಮೊದಲಿನಿಂದಲೂ ಮತ್ತೆ ಮತ್ತೆ ಬರೆಯುವ ಕಲೆಯೇ ಆದ್ದರಿಂದ ಹೊಸದಾಗಿ ಬರೆಸುವ ಖರ್ಚನ್ನು ನಿರ್ವಹಣೆಯ ಬಾಬಿನಲ್ಲಿ ಈಗಲೇ ಕಾಣಿಸಿದರೆ, ಅದೇ ಹೆಣ್ಣುಮಕ್ಕಳಿಗೆ ಮುಂದೆಯೂ ಕೆಲಸ ಸಿಗುತ್ತದೆ.

ಅಳಿಸುವ ವಿಷಯದಲ್ಲಿ ಕಾನೂನು ಪೂರ್ತಿ ಮೌನವಾಗಿಲ್ಲ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದಕ್ಕೆ, 2005ರಲ್ಲಿ ದೆಹಲಿ ಹೈಕೋರ್ಟ್ ತನ್ನ ಕೃತಿ ಕೆಡದಂತೆ ನೋಡಿಕೊಳ್ಳುವ ಹಕ್ಕನ್ನು ಕರ್ತೃವಿಗೆ ಕೊಡುವ ಕೃತಿಸ್ವಾಮ್ಯ ಕಾಯ್ದೆಯ 57ನೇ ಪ್ರಕರಣದ ಆಧಾರದ ಮೇಲೆ ಕೃತಿಯನ್ನು ಅವರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಆದರೆ ಆ ಹಕ್ಕು ಹೆಸರುಳ್ಳ ಕರ್ತೃವಿಗೆ ಸಿಗುವುದು. ಹಾಗಾಗಿ ಬರೆದವರ ಹೆಸರುಗಳು ಗೋಡೆಯ ಮೇಲೂ ಕರಾರಿನಲ್ಲೂ ಇರಲಿ, ಅಳಿಸುವ ಮೊದಲು ಅವರಿಗೆ ಲಿಖಿತ ಸೂಚನೆ ಕೊಡಬೇಕೆಂಬ ಒಂದು ಸಾಲನ್ನೂ ಸೇರಿಸಿ. ಬಜೆಟ್ ಪೂರ್ವಭಾವಿ ಸಭೆಗೆ ಮೊದಲೇ ಮನವಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಅಂದಾಜು ಪಟ್ಟಿಯ ಪ್ರತಿ ಸಿಕ್ಕಿದರೆ ಇಲ್ಲಿ ಹಾಕಿ, ದರಗಳನ್ನು ನೋಡಿ ಹೇಳುತ್ತೇನೆ.