ಅಮೆರಿಕದಲ್ಲಿ ಕೈತಪ್ಪಿ ತುರ್ತು ನಂಬರ್ 911ಕ್ಕೆ ಕರೆ ಹೋಗಿ ಪೊಲೀಸರು ಬಾಗಿಲಿಗೆ ಬಂದರೆ ಒಳಗೆ ಬಿಡಲೇಬೇಕಾ?

ಹುಣಸೆಗೊಜ್ಜು:
ಅಪ್ಪ ಅಮ್ಮ ಮೈಸೂರಿಂದ ಆರು ತಿಂಗಳಿಗೆ ನ್ಯೂಜೆರ್ಸಿಗೆ ಬರ್ತಿದಾರೆ. ಹಗಲು ಮನೆಯಲ್ಲಿ ಅವರಿಬ್ಬರೇ. ಅಪ್ಪನ ಹತ್ತಿರ ಇಂಡಿಯಾದ ಆಂಡ್ರಾಯ್ಡ್ ಫೋನು, ಮನೆಯಲ್ಲಿ ಇಂಟರ್ನೆಟ್ ಮೇಲೆ ನಡೆಯೋ ಒಂದು ಲ್ಯಾಂಡ್‌ಲೈನ್. ಊರಿಗೆ ಫೋನ್ ಮಾಡೋಕೆ 91 ಒತ್ತುವಾಗ 1 ಎರಡು ಸಲ ಬಿತ್ತು ಅಂದರೆ ಮುಗೀತು, 911. ಗಾಬರಿಯಲ್ಲಿ ಕಟ್ ಮಾಡೋದಂತೂ ಗ್ಯಾರಂಟಿ. ಆಮೇಲೆ ಪೊಲೀಸರು ಬಂದರೆ ಏನು ಮಾಡಬೇಕು? ವಾರಂಟ್ ಇಲ್ಲದೆ ಒಳಗೆ ಬರಬಹುದಾ? ಬೇಡ ಅಂದರೆ ತಪ್ಪಾಗುತ್ತಾ? ದಂಡ ಇದೆಯಾ? ತಿಳಿದವರು ಹೇಳಿ.

ರಾತ್ರಿಪಾಳಿ:
ಮೊದಲು 911 ಕಾಲ್ ಸೆಂಟರ್ ಕಡೆಯಿಂದ ನೋಡೋಣ, ಅರ್ಧ ತೊಂದರೆ ಅಲ್ಲೇ ಕಳೆಯುತ್ತೆ.

ಕಟ್ ಮಾಡಬಾರದು. ಇದೊಂದನ್ನು ನೂರು ಸಲ ಹೇಳಿಕೊಡಿ. ಲೈನಲ್ಲಿ ನಿಂತು "ಸಾರಿ, ಮಿಸ್ಟೇಕ್, ನೋ ಎಮರ್ಜೆನ್ಸಿ" ಅಂದರೆ ಅವರು ಹೆಸರು, ವಿಳಾಸ, ಎಲ್ಲರೂ ಕ್ಷೇಮವಾ ಅಂತ ಕೇಳ್ತಾರೆ. ಉತ್ತರ ಕೊಟ್ಟರೆ ಬಹಳಷ್ಟು ಕಡೆ ಅಲ್ಲಿಗೇ ಮುಗಿಯುತ್ತೆ. ಇಂಗ್ಲಿಷ್ ತಡವರಿಸಿದರೆ "ಕನ್ನಡ, ಇಂಡಿಯಾ" ಅಂದರೆ ಸಾಕು, ಫೋನಿನಲ್ಲೇ ದುಭಾಷಿಯನ್ನು ಸೇರಿಸೋ ವ್ಯವಸ್ಥೆ ಇರುತ್ತೆ. ಅದಕ್ಕೆ ಒಂದೆರಡು ನಿಮಿಷ ಹಿಡಿಯಬಹುದು. ಆ ಮೌನಕ್ಕೆ ಹೆದರಿ ಇಟ್ಟುಬಿಡಬಾರದು.

ಕಟ್ ಮಾಡಿದರೆ ಅದು "ಹ್ಯಾಂಗಪ್" ಲೆಕ್ಕಕ್ಕೆ ಹೋಗುತ್ತೆ. ಅವರು ವಾಪಸ್ ಮಾಡ್ತಾರೆ. ಗೊತ್ತಿಲ್ಲದ ನಂಬರ್ ಎತ್ತಬೇಡಿ ಅಂತ ನಾವೇ ಅಪ್ಪ ಅಮ್ಮನಿಗೆ ಕಲಿಸಿರ್ತೀವಲ್ಲ, ಆ ಪಾಠ ಇಲ್ಲಿ ತಿರುಗುಬಾಣ. ಎತ್ತದಿದ್ದರೆ ಗಾಡಿ ಹೊರಡುತ್ತೆ. ಹೆಂಡತಿ ಫೋನ್ ಮಾಡಿದಳು, ಗಂಡ ಕಿತ್ತುಕೊಂಡ ಅನ್ನೋದೇ ಅವರ ತಲೆಯಲ್ಲಿ ಮೊದಲು ಬರೋ ಚಿತ್ರ. ಹಾಗಾಗಿ ಕಟ್ ಆಗಿಹೋಗಿದ್ದರೆ ಅವರ ಕರೆಗೆ ಕಾದು ಎತ್ತಿ, ಬರದಿದ್ದರೆ ನೀವೇ 911ಕ್ಕೆ ಮಾಡಿ "ಈಗ ಬಂದ ಕರೆ ತಪ್ಪಿ ಬಂದದ್ದು" ಅನ್ನಿ. ಇದಕ್ಕೆ ಯಾರೂ ಬೈಯಲ್ಲ.

ಅಪ್ಪನ ಫೋನಿನಲ್ಲಿ ಇಂಡಿಯಾ ಸಿಮ್ಮೇ ರೋಮಿಂಗಲ್ಲಿದ್ದರೆ ಆ ವಾಪಸ್ ಕರೆ ಬರದೇ ಹೋಗಬಹುದು. ಸಿಮ್ಮೇ ಇಲ್ಲದ ಹಳೇ ಫೋನೂ ಹಾಗೇ. ಅದರಿಂದಲೂ 911 ಹೋಗುತ್ತೆ, ಆದರೆ ಅವರ ಪರದೆಯಲ್ಲಿ ಮೂಡೋದು 911 ಅಂತ ಶುರುವಾಗಿ ಫೋನಿನ ಸೀರಿಯಲ್ ನಂಬರಿನ ಕೊನೆಯ ಏಳು ಅಂಕಿ. ಅದಕ್ಕೆ ತಿರುಗಿ ಫೋನ್ ಮಾಡೋಕೆ ಆಗಲ್ಲ. ಮೊಮ್ಮಗು ಆಟಕ್ಕೆ ಅಂತ ಕೊಟ್ಟ ಹಳೇ ಫೋನು ಮನೆಗೆ ಪೊಲೀಸರನ್ನು ಕರೆಸೋದು ಹೀಗೆ.

ಲ್ಯಾಂಡ್‌ಲೈನ್ ಇಂಟರ್ನೆಟ್ ಮೇಲೆ ಅಂದಿರಿ. ಆ ಕಂಪನಿಯ ಖಾತೆಯಲ್ಲಿ ಬರೆಸಿರೋ ತುರ್ತು ವಿಳಾಸ ಇವತ್ತೇ ನೋಡಿ. ಮನೆ ಬದಲಾಯಿಸಿ ಅದನ್ನು ಬದಲಾಯಿಸದಿದ್ದರೆ ಪೊಲೀಸರು ಹಳೇ ಮನೆ ಬಾಗಿಲು ಬಡಿತಾರೆ, ನಿಜವಾದ ಎಮರ್ಜೆನ್ಸಿಯಲ್ಲೂ. ಮೊಬೈಲಿನ ವೈಫೈ ಕಾಲಿಂಗ್‌ಗೂ ಇಂಥದೇ ಒಂದು ವಿಳಾಸ ಇರುತ್ತೆ.

ನೇರನುಡಿ:
ವಾರಂಟ್ ತೋರಿಸಿ ಅನ್ನಿ, ಇಲ್ಲದಿದ್ದರೆ ಬಾಗಿಲು ತೆಗೀಬೇಡಿ. ಅಮೆರಿಕದಲ್ಲಿ ಅದು ನಿಮ್ಮ ಹಕ್ಕು. ಅಷ್ಟೇ.

ಕರಿಕೋಟು:
ನೇರನುಡಿ ಹೇಳಿದ್ದು ಪೊಲೀಸರು ಸುಮ್ಮನೆ ಬಂದು ಬಾಗಿಲು ತಟ್ಟಿದರೆ ಸರಿ. 911 ಹ್ಯಾಂಗಪ್ ಆದಮೇಲೆ ಅದೇ ಸಲಹೆ ಬಾಗಿಲು ಮುರಿಸುತ್ತೆ.

ಮೂಲ ನಿಯಮ ನಿಮ್ಮ ಪರವೇ ಇದೆ. ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿ ಪ್ರಕಾರ ವಾರಂಟಿಲ್ಲದೆ ಮನೆಯೊಳಗೆ ಕಾಲಿಡುವಂತಿಲ್ಲ. ಅದಕ್ಕಿರೋ ವಿನಾಯಿತಿಗಳಲ್ಲಿ ಇಲ್ಲಿ ಮುಖ್ಯವಾದದ್ದು ಒಂದು: ಒಳಗೆ ಯಾರಿಗೋ ಗಾಯವಾಗಿದೆ ಅಥವಾ ಈಗಲೇ ಆಗುತ್ತದೆ ಅಂತ ನಂಬೋಕೆ ಕಣ್ಣಿಗೆ ಕಾಣೋ, ಕಿವಿಗೆ ಕೇಳೋ ಆಧಾರ ಇದ್ದರೆ ಒಳಗೆ ಬರಬಹುದು. ಅಮೆರಿಕದ ಸುಪ್ರೀಂ ಕೋರ್ಟಿನ 2006ರ ಬ್ರಿಗ್ಹ್ಯಾಮ್ ಸಿಟಿ ತೀರ್ಪು ಇದಕ್ಕೆ ಬುನಾದಿ. ಪೊಲೀಸರ ಮನಸ್ಸಲ್ಲಿ ಏನಿತ್ತು ಅನ್ನೋದನ್ನು ಕೋರ್ಟ್ ಕೇಳಲ್ಲ, ಹೊರಗೆ ನಿಂತವರಿಗೆ ಏನು ಕಂಡಿತು ಅನ್ನೋದನ್ನು ಕೇಳುತ್ತೆ. 2021ರಲ್ಲಿ ಕನಿಗ್ಲಿಯಾ ಪ್ರಕರಣದಲ್ಲಿ "ಜನರ ಕಾಳಜಿ ನಮ್ಮ ಕೆಲಸ" ಅನ್ನೋ ಮಾತಷ್ಟೇ ಮನೆ ಹೊಗೋಕೆ ಸಾಲದು ಅಂತಲೂ ಸುಪ್ರೀಂ ಕೋರ್ಟ್ ಹೇಳಿದೆ.

ಬರೀ 911 ಕರೆ ಬಂತು ಅಂತ ಒಳಗೆ ಬರಬಹುದಾ? ಇಲ್ಲೇ ಇರೋದು ಸೂಕ್ಷ್ಮ. ಹತ್ತನೇ ಸರ್ಕ್ಯೂಟ್ ಕೋರ್ಟಿನ (ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಫೆಡರಲ್ ಮೇಲ್ಮನವಿ ಕೋರ್ಟು) ಎರಡು ತೀರ್ಪು ಪಕ್ಕಪಕ್ಕ ಇಟ್ಟು ನೋಡಿ. 2011ರದ್ದು ನ್ಯೂ ಮೆಕ್ಸಿಕೋ ಪ್ರಕರಣ: ಕರೆಯಲ್ಲಿ ಕೇಳಿದ್ದು ಬರೀ ಗರಗರ ಸದ್ದು, ಮನೆಯಲ್ಲಿ ಯಾರೂ ಓಗೊಡಲಿಲ್ಲ, ಗಾಜಿನ ಬಾಗಿಲಿಂದ ಇಣುಕಿದರೆ ಚೆಲ್ಲಾಪಿಲ್ಲಿ ಸಾಮಾನು. ಪೊಲೀಸರು ಒಳಗೆ ಹೋದದ್ದು ತಪ್ಪು ಅಂತಾಯ್ತು. ಮನೆ ಗಲೀಜಾಗಿರೋದು ಎಮರ್ಜೆನ್ಸಿ ಅಲ್ಲವಲ್ಲ! ಆದರೆ 2006ರ ಇನ್ನೊಂದರಲ್ಲಿ ಕರೆ ಕಟ್ಟಾಗಿತ್ತು, ಒಳಗೆ ಆಳಿದ್ದೂ ಬಹಳ ಹೊತ್ತು ಬಾಗಿಲು ತೆಗೆಯಲಿಲ್ಲ, ಕೊನೆಗೆ ಬಂದವನು ತಾನು ಫೋನೇ ಮಾಡಿಲ್ಲ ಅಂದ. ಅಲ್ಲಿ ಪೊಲೀಸರು ಒಳಗೆ ಹೋದದ್ದು ಸರಿ ಅಂತಾಯ್ತು.

ಈ ಎರಡನೆಯದನ್ನು ಅಪ್ಪ ಅಮ್ಮನಿಗೆ ಬಿಡಿಸಿ ಹೇಳಿ. ಯೂನಿಫಾರ್ಮ್ ಕಂಡ ಕೂಡಲೇ ನಮ್ಮ ಹಿರಿಯರ ಬಾಯಿಗೆ ಬರೋ ಮೊದಲ ಮಾತು "ನಾವು ಫೋನೇ ಮಾಡಿಲ್ಲ ಸಾರ್." ಅವರ ಕೈಯಲ್ಲಿ ಕರೆಯ ದಾಖಲೆ ಇದೆ. ಮಾಡಿಲ್ಲ ಅಂದರೆ ಯಾರನ್ನೋ ಮುಚ್ಚಿಡ್ತಿದಾರೆ ಅನ್ನೋ ಅನುಮಾನ ಹುಟ್ಟುತ್ತೆ. "ಮಾಡಿದೆವು, ಕೈತಪ್ಪಿ" ಅನ್ನೋದೇ ಕಾಪಾಡೋ ಮಾತು.

ಇನ್ನು ಬಾಗಿಲ ಬಳಿ. ಕೈ ಖಾಲಿ ಇರಲಿ. ಸೊಪ್ಪು ಹೆಚ್ಚುತ್ತಿದ್ದ ಚಾಕು ಹಿಡಿದೇ ಬಂದು ಬಾಗಿಲು ತೆಗೆಯೋದು ಬೇಡ. ನಾಯಿ ಇದ್ದರೆ ರೂಮಿನಲ್ಲಿ ಹಾಕಿ. ಇಬ್ಬರೂ ಹೊರಗೆ ಬಂದು, ಬಾಗಿಲನ್ನು ಹಿಂದೆ ಎಳೆದುಕೊಂಡು, ಮೆಟ್ಟಿಲ ಮೇಲೆ ನಿಂತು ಮಾತಾಡಲಿ. ಮನೆಯಲ್ಲಿರೋ ಎಲ್ಲರೂ ಕಣ್ಣಿಗೆ ಬಿದ್ದರೆ ಒಳಗೆ ಹೋಗೋಕೆ ಇರೋ ಕಾರಣವೇ ಹೋಗುತ್ತೆ. ಅಮ್ಮನನ್ನು ಬೇರೆ ನಿಲ್ಲಿಸಿ ಮಾತಾಡಿಸಿದರೆ ಅಪ್ಪ ಅಡ್ಡ ಬಾಯಿ ಹಾಕಬಾರದು. ಗಂಡನ ಎದುರು ಹೆಂಡತಿ ಹೇಳಲಾರಳು ಅಂತಲೇ ಹಾಗೆ ಮಾಡೋದು, ಆ ಪ್ರಶ್ನೆಗೆ ಅಮ್ಮನೇ ಉತ್ತರ ಕೊಡಬೇಕು.

ಇನ್ನೊಂದು, ನಮ್ಮವರಿಗೇ ವಿಶೇಷ. ಬಾಗಿಲಿಗೆ ಬಂದವರನ್ನು "ಬನ್ನಿ ಬನ್ನಿ, ಒಳಗೆ ಬನ್ನಿ" ಅಂತ ಪಕ್ಕಕ್ಕೆ ಸರಿದು ಕೈ ತೋರಿಸೋದು ನಮಗೆ ಉಪಚಾರ. ಕಾನೂನಿನಲ್ಲಿ ಅದು ಒಪ್ಪಿಗೆ. ಬಾಯಲ್ಲಿ ಹೇಳದೆ ಸನ್ನೆಯಲ್ಲೇ ಕೊಟ್ಟ ಒಪ್ಪಿಗೆಯನ್ನೂ ಕೋರ್ಟುಗಳು ಒಪ್ಪಿವೆ. ಹೂಂ ಅಂತ ತಲೆ ಅಲ್ಲಾಡಿಸೋದೂ ಅಪಾಯವೇ. ನೀವು ಬೇಡ ಅನ್ನಬಹುದು, ಅದು ಅಪರಾಧ ಅಲ್ಲ: "ಐ ಡೋಂಟ್ ಕನ್ಸೆಂಟ್, ಬಟ್ ವಿ ಆರ್ ಆಲ್ ಓಕೆ, ಪ್ಲೀಸ್ ಟಾಕ್ ಹಿಯರ್." ಅಷ್ಟಾದರೂ ಅವರು ಒಳಗೆ ನುಗ್ಗಿದರೆ ಕೈ ಅಡ್ಡ ಹಿಡೀಬಾರದು, ಬಾಗಿಲು ದೂಡಬಾರದು. ಬಾಯಲ್ಲಿ ಬೇಡ ಅನ್ನೋದು ಹಕ್ಕು, ಮೈಯಿಂದ ತಡೆಯೋದು ಹೊಸ ಕೇಸು.

ಹುಣಸೆಗೊಜ್ಜು:
ಕರಿಕೋಟು ಸರ್, ಒಳಗೆ ಬಂದರು ಅಂತಿಟ್ಟುಕೊಳ್ಳಿ. ಏನೇನು ನೋಡಬಹುದು? ಬಾಗಿಲು ಮುರಿದರೆ ಖರ್ಚು ಯಾರದ್ದು?

ಕರಿಕೋಟು:
ಹುಡುಕೋದು ಮನುಷ್ಯರನ್ನು. ಆದ್ದರಿಂದ ಮನುಷ್ಯ ಹಿಡಿಯುವಂಥ ಜಾಗ ಮಾತ್ರ: ರೂಮು, ಬಚ್ಚಲು, ಬಟ್ಟೆ ಕಪಾಟು, ಮಂಚದ ಕೆಳಗೆ. ಡ್ರಾಯರ್, ಡಬ್ಬಿ, ಲ್ಯಾಪ್‌ಟಾಪ್ ಅಲ್ಲ. ಹಾಗಂತ ನೋಡುವಾಗ ಕಾನೂನುಬಾಹಿರವಾದದ್ದು ಕಣ್ಣೆದುರಿಗೇ ಬಿದ್ದರೆ ಅದನ್ನು ಲೆಕ್ಕಕ್ಕೆ ತಗೋಬಹುದು.

ನಿಮ್ಮ ರಾಜ್ಯದ್ದೇ ಒಂದು ಒಳ್ಳೇ ಉದಾಹರಣೆ ಇದೆ. ಹೆಸರು ಖಚಿತವಿಲ್ಲದ ಒಬ್ಬ 911ಕ್ಕೆ ಫೋನ್ ಮಾಡಿ, ಒಂದು ಮನೆಯಲ್ಲಿ ಹೆಂಗಸಿಗೆ ಹೊಡೀತಿದಾರೆ, ಬಂದೂಕೂ ಇದೆ ಅಂದ. ಪೊಲೀಸರು ಹೋದಾಗ ಆಕೆ ಏನೂ ಆಗಿಲ್ಲ, ಒಳಗೆ ಬರಬೇಡಿ ಅಂದಳು. ಅವರು ಹೋದರು. ಮಗು ಚೆನ್ನಾಗಿದೆ, ಆಕೆ ಮೈಮೇಲೆ ಗಾಯವಿಲ್ಲ, ಜೊತೆಗಿದ್ದವನು ಟಿವಿ ನೋಡ್ತಾ ಕೂತಿದ್ದಾನೆ. ಅವನನ್ನು ತಡವಿ ನೋಡಿ ಏನೂ ಸಿಗದಿದ್ದಮೇಲೂ ದಿಂಬು ಎತ್ತಿ ನೋಡಿದರು, ಪಿಸ್ತೂಲು ಸಿಕ್ಕಿತು. ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದು: ಒಳಗೆ ಹೋದದ್ದು ಸರಿ, ದಿಂಬು ಎತ್ತಿದ್ದು ತಪ್ಪು. ಎಲ್ಲರೂ ಕ್ಷೇಮ ಅಂತ ಕಂಡ ಕ್ಷಣಕ್ಕೆ ಎಮರ್ಜೆನ್ಸಿ ಮುಗಿಯಿತು. ಪಿಸ್ತೂಲನ್ನು ಸಾಕ್ಷಿಯಾಗಿ ಬಳಸೋ ಹಾಗಿರಲಿಲ್ಲ. ಒಪ್ಪಿಗೆ ಕೊಟ್ಟು ಮನೆ ಹುಡುಕಿಸಿಕೊಂಡವರ ವಿಷಯದಲ್ಲೂ ನ್ಯೂಜೆರ್ಸಿ ಕಟ್ಟುನಿಟ್ಟು. ಬೇಡ ಅನ್ನೋ ಹಕ್ಕಿದೆ ಅಂತ ಅವರಿಗೆ ಗೊತ್ತಿತ್ತು ಅನ್ನೋದನ್ನು ಸರ್ಕಾರವೇ ರುಜುವಾತು ಮಾಡಬೇಕು.

ಬಾಗಿಲ ಖರ್ಚು ಕಷ್ಟದ ವಿಷಯ. ಪ್ರವೇಶ ನ್ಯಾಯವಾಗಿದ್ದರೆ ಕೊಡಲ್ಲ ಅನ್ನೋ ಊರುಗಳೇ ಹೆಚ್ಚು. ಆದರೂ ಕೇಳಬೇಕು, ಅದೂ ಬೇಗ. ನ್ಯೂಜೆರ್ಸಿಯಲ್ಲಿ ಸರ್ಕಾರಿ ಸಂಸ್ಥೆಗೆ ನೋಟಿಸ್ ಕೊಡೋಕೆ ಇರೋದು 90 ದಿನ, ಕ್ಯಾಲಿಫೋರ್ನಿಯಾದಲ್ಲಿ ಇಂಥದಕ್ಕೆ ಆರು ತಿಂಗಳು. ರಿಪೇರಿಗೆ ಮುಂಚೆ ಚೌಕಟ್ಟು, ಬೀಗದ ಪಟ್ಟಿ, ನೆಲದ ಮೇಲೆ ಬಿದ್ದ ಚೂರು ಎಲ್ಲದರ ಫೋಟೋ ತೆಗೀರಿ. ಹೊರಡೋ ಮುಂಚೆ ಅಧಿಕಾರಿಯ ಬ್ಯಾಡ್ಜ್ ನಂಬರ್, ಘಟನೆಯ ನಂಬರ್ ಕೇಳಿ ಬರೆದುಕೊಳ್ಳಿ. ಬಾಡಿಗೆ ಮನೆಯಾದರೆ ಓನರಿಗೆ ಅವತ್ತೇ ತಿಳಿಸಿ.

ಕೈತಪ್ಪಿ ಹೋದ ಕರೆಗೆ ಶಿಕ್ಷೆಯಿಲ್ಲ. ಬೇಕಂತಲೇ ಸುಳ್ಳು ಕರೆ ಮಾಡೋದು ಅಪರಾಧ.

ಸೆಟ್ಟಿಂಗ್ಸ್‌ಶೆಟ್ಟಿ:
ಇಷ್ಟೆಲ್ಲಾ ಆಗೋ ಮುಂಚೆ ಫೋನನ್ನೇ ಸರಿಮಾಡಬಹುದಲ್ಲ.

ಆಂಡ್ರಾಯ್ಡ್‌ನಲ್ಲಿ ಪವರ್ ಗುಂಡಿಯನ್ನು ಪಟಪಟ ಐದು ಸಲ ಒತ್ತಿದರೆ ತುರ್ತು ಕರೆ ಶುರು. ಜೇಬಲ್ಲಿ, ಬಿಗಿಯಾದ ಕವರಲ್ಲಿ ಒತ್ತಿಹೋಗುತ್ತೆ. ಇಂಡಿಯಾದಲ್ಲಿ ಮಾರೋ ಸ್ಮಾರ್ಟ್‌ಫೋನುಗಳಿಗೆ 2017ರಿಂದ ಪ್ಯಾನಿಕ್ ಬಟನ್ ಕಡ್ಡಾಯ, ಆ ನಿಯಮದಲ್ಲಿ ಮೂರು ಸಲ ಒತ್ತಿದರೂ ಸಾಕು. ಅದು ಹೋಗೋದು ಇಂಡಿಯಾದ ತುರ್ತು ನಂಬರ್ 112ಕ್ಕೆ, ಅಮೆರಿಕದ ನೆಟ್‌ವರ್ಕಿನಲ್ಲಿ ಆ 112 ಸಾಮಾನ್ಯವಾಗಿ ನೇರ 911ಕ್ಕೇ ತಿರುಗುತ್ತೆ. ಸೆಟ್ಟಿಂಗ್ಸ್ ಒಳಗೆ "ಸೇಫ್ಟಿ ಅಂಡ್ ಎಮರ್ಜೆನ್ಸಿ", ಅದರಲ್ಲಿ "ಎಮರ್ಜೆನ್ಸಿ ಎಸ್‌ಒಎಸ್". ಪೂರ್ತಿ ಆಫ್ ಮಾಡಬೇಡಿ, ವಯಸ್ಸಾದವರಿಗೆ ಬೇಕಾಗುತ್ತೆ. ಕೆಲವು ಫೋನಲ್ಲಿ ಐದು ಸಲ ಒತ್ತಿದ ಮೇಲೆ ಪರದೆ ಮೇಲೆ ಮೂರು ಸೆಕೆಂಡ್ ಬೆರಳು ಒತ್ತಿ ಹಿಡಿಯೋ ಆಯ್ಕೆ ಇದೆ, ಅದನ್ನು ಹಾಕಿ.

ಐಫೋನಲ್ಲಿ "ಎಮರ್ಜೆನ್ಸಿ ಎಸ್‌ಒಎಸ್" ಒಳಗೆ ಎರಡು ಸ್ವಿಚ್: ಒತ್ತಿ ಹಿಡಿದು ಬಿಡೋದು, ಐದು ಸಲ ಒತ್ತೋದು. ಎರಡನ್ನೂ ಆಫ್ ಮಾಡಿದರೂ ಗುಂಡಿ ಹಿಡಿದಾಗ ಬರೋ ಸ್ಲೈಡರ್ ಎಳೆದು ಕರೆ ಮಾಡಬಹುದು. ಆಪಲ್ ವಾಚಿನಲ್ಲಿ ವಯಸ್ಸು 55 ಅಥವಾ ಮೇಲೆ ಅಂತ ತುಂಬಿಸಿದ್ದರೆ ಬಿದ್ದದ್ದನ್ನು ಪತ್ತೆ ಮಾಡೋದು ತಾನಾಗಿ ಆನ್ ಆಗಿರುತ್ತೆ. ಅದು ಬಾರಿಸಿದಾಗ "ಐ ಆಮ್ ಓಕೆ" ಒತ್ತೋದನ್ನು ಕಲಿಸಿ.

ಹಳೇ ಫೋನು ಮಗುವಿಗೆ ಕೊಡೋದಾದರೆ ಸಿಮ್ ತೆಗೆದರೆ ಸಾಲದು, ಏರೋಪ್ಲೇನ್ ಮೋಡನ್ನೂ ನಂಬಬೇಡಿ. ಕೊಡದಿರೋದೇ ವಾಸಿ. ಊರಿಗೆ ಮಾತಾಡೋಕೆ ವಾಟ್ಸ್ಯಾಪ್ ಬಳಸಲಿ, ನಂಬರ್ ಒತ್ತೋ ಪ್ರಮೇಯವೇ ಇಲ್ಲ. ಲ್ಯಾಂಡ್‌ಲೈನೇ ಬೇಕು ಅಂದರೆ 011 (ಅಮೆರಿಕದಿಂದ ಹೊರದೇಶಕ್ಕೆ ಕರೆ ಮಾಡೋ ಕೋಡ್) 91 ಸೇರಿಸಿ ಒಂದೇ ಗುಂಡಿಯ ಸ್ಪೀಡ್ ಡಯಲ್ ಮಾಡಿಕೊಡಿ.

ಥೇಮ್ಸ್‌ದಂಡೆ:
ಇಂಗ್ಲೆಂಡಿನಲ್ಲಿ ಇರೋರಿಗೆ ಚಿಕ್ಕದಾಗಿ. ಮೊಬೈಲಿಂದ ಇಲ್ಲಿನ ತುರ್ತು ನಂಬರ್ 999ಕ್ಕೆ ಕರೆ ಹೋಗಿ ಮಾತಿಲ್ಲದಿದ್ದರೆ 55 ಒತ್ತಿ ಅಂತ ಯಂತ್ರ ಹೇಳುತ್ತೆ. ಒತ್ತದಿದ್ದರೆ ಕರೆ ಅಲ್ಲೇ ಮುಗಿಯುತ್ತೆ. ಕೈತಪ್ಪಿದ್ದರೆ 55 ಒತ್ತಲೇಬೇಡಿ, ಅದರರ್ಥ "ಮಾತಾಡೋಕಾಗ್ತಿಲ್ಲ, ಸಹಾಯ ಬೇಕು". ಮನೆ ಪ್ರವೇಶಕ್ಕೆ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯ ಕಲಂ 17(1)(ಇ): ಜೀವ, ಅಂಗ ಉಳಿಸೋಕೆ ಅಥವಾ ಆಸ್ತಿಗೆ ದೊಡ್ಡ ಹಾನಿ ತಪ್ಪಿಸೋಕೆ ವಾರಂಟ್ ಬೇಡ. ಆದರೆ "ಕ್ಷೇಮದ ಬಗ್ಗೆ ಕಳವಳ ಇತ್ತು" ಅನ್ನೋ ಸಡಿಲ ಕಾರಣ ಸಾಲದು ಅಂತ 2010ರಲ್ಲಿ ಹೈಕೋರ್ಟ್ ಹೇಳಿದೆ.

ರಾತ್ರಿಪಾಳಿ:
ಬಿಟ್ಟುಹೋದ ಒಂದೆರಡು ಮಾತು. ಹೊಸ್ತಿಲಿಗೆ ಆರತಿ ನೀರು ಚೆಲ್ಲಿದ್ದರೆ ತೊಳೆದುಬಿಡಿ. ಅರಿಶಿನಕ್ಕೆ ಸುಣ್ಣ ಬಿದ್ದ ಆ ಕೆಂಪು ಬಾಗಿಲ ಮುಂದೆ ಏನಾಗಿ ಕಾಣುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಪೊಲೀಸರಿಗೆ ಶೂ ಬಿಡಿ ಅಂತಲೂ ಅನ್ನಬೇಡಿ, ಬಿಡಲ್ಲ.

ಅಪಾರ್ಟ್‌ಮೆಂಟಿನಲ್ಲಿ ಮೊಬೈಲ್ ಕೊಡೋ ಜಾಗ ಸುಮಾರಾಗಿರುತ್ತೆ, ಪಕ್ಕದ ಮನೆ, ಮೇಲಿನ ಮನೆ ಬಾಗಿಲನ್ನೂ ಬಡೀತಾರೆ. ಕಾರಿಡಾರಿನಲ್ಲಿ ಸದ್ದು ಕೇಳಿದರೆ ಅಡಗಿ ಕೂರಬೇಡಿ, ಹೊರಗೆ ಬಂದು "ಕರೆ ನಮ್ಮದು" ಅನ್ನಿ.

ಒಂದು ಚೀಟಿ ಬರೆದು ಬಾಗಿಲ ಒಳಬದಿಗೆ, ಅಪ್ಪ ಅಮ್ಮನ ಕಣ್ಣಿನ ಎತ್ತರಕ್ಕೆ ಅಂಟಿಸಿ. ಫ್ರಿಜ್ ಮೇಲೆ ಬೇಡ, ಗಾಬರಿಯಲ್ಲಿ ಅಲ್ಲಿಗೆ ಯಾರೂ ಹೋಗಲ್ಲ. ದಪ್ಪ ಕನ್ನಡ ಅಕ್ಷರದಲ್ಲಿ ಮನೆ ನಂಬರ್, ಬೀದಿ, ಊರು, ನಿಮ್ಮ ಮೊಬೈಲ್ ನಂಬರ್, ಕೆಳಗೆ ನಾಲ್ಕೇ ಸಾಲು: "ಕಾಲ್ ವಾಸ್ ಎ ಮಿಸ್ಟೇಕ್. ಓನ್ಲಿ ಟು ಪೀಪಲ್ ಹಿಯರ್. ನೋಬಡಿ ಹರ್ಟ್. ಪ್ಲೀಸ್ ಕಾಲ್ ಮೈ ಸನ್." ಮಗಳಾಗಿದ್ದರೆ ಕೊನೇ ಪದ ಬದಲಾಯಿಸಿಕೊಳ್ಳಿ.