ಘಾಟ್ ಕ್ಲೋಸ್ಡ್, ಟೀಚರ್!

"ಪಾಠ ಯೋಜನೆ ಬರೆಯೋದು ಬೇರೆ, ಪಾಠ ಮಾಡೋದು ಬೇರೆ. ಎರಡಕ್ಕೂ ಗಂಟು ಹಾಕಲಿಕ್ಕೆ ಹೋಗಬೇಡಿ ಮಾರಾಯ್ರೆ, ಎರಡೂ ಕೆಡ್ತದೆ" ಅಂದರು ನಮ್ಮ ಹಿಂದಿ ಮಾಸ್ತರು, ಬನ್ಸ್ ಮುರಿಯುತ್ತಾ.

ಶನಿವಾರ. ಬೆಳಗಿನ ಶಾಲೆ ಮುಗಿದಿತ್ತು. ಶಿರಸಿಯ ಜುಲೈ ಮಳೆ ಅಂದರೆ ಕೇಳಬೇಕಾ, ಹೋಟೆಲಿನಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ಮೇಜಿನ ಸುತ್ತ ಇಂಗ್ಲಿಷ್ ಅಕ್ಕೋರು, ಹಿಂದಿ ಮಾಸ್ತರು, ಕನ್ನಡದ ನಾನು, ಮತ್ತೆ ಡ್ರಿಲ್ ಮಾಸ್ತರು. ಭಾಷೆಯವರ ನಡುವೆ ಡ್ರಿಲ್ ಮಾಸ್ತರಿಗೆ ಎಂತ ಕೆಲಸ ಅಂದರೆ, ಕಾರು ಅವರದು.

ಚರ್ಚೆಗೆ ಕಾರಣ ಇತ್ತು. ಮುಂದಿನ ವಾರ ಪಾಠ ನೋಡಿ ತನಿಖೆ ಮಾಡುವ ವಿಷಯ ಪರಿವೀಕ್ಷಕರು ಬರುತ್ತಾರೆ ಅಂತ ಸುದ್ದಿ. ಉತ್ತರ ಕನ್ನಡ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಕಾರವಾರ ಒಂದು, ಶಿರಸಿ ಒಂದು. ಸಾಹೇಬರ ಆಫೀಸು ಇಲ್ಲೇ, ಹಾಗಾಗಿ ಅವರು ಘಟ್ಟ ಹತ್ತಿ ಬರಬೇಕಿಲ್ಲ, ಮಳೆ ಬಂದರೆ ಬರಲಿಕ್ಕಿಲ್ಲ ಎಂಬ ಆಸೆ ಇಟ್ಟುಕೊಳ್ಳುವ ಹಾಗೂ ಇಲ್ಲ.

"ಯೋಜನೆ ಪುಸ್ತಕ ನೀಟಾಗಿದೆಯಲ್ಲ, ಮತ್ತೆ ಹೆದರಿಕೆ ಎಂತಕ್ಕೆ?" ಅಂದರು ಡ್ರಿಲ್ ಮಾಸ್ತರು.

"ಪುಸ್ತಕ ನೀಟಾಗೇ ಇದೆ. ಹೋದ ವರ್ಷದ್ದೇ ಅಲ್ವಾ" ಅಂದರು ಹಿಂದಿ ಮಾಸ್ತರು. "ತಾರೀಕು ಮಾತ್ರ ಹೊಸದು. ಐದು 'ಇ'ಯಲ್ಲಿ ಬರೆದಿದ್ದೇನೆ, ಇಂಗ್ಲಿಷಿನಲ್ಲಿ 'ಇ'ಯಿಂದ ಶುರುವಾಗುವ ಐದು ಹಂತ. ತೊಡಗಿಸುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಕಡೆಗೆ ಮೌಲ್ಯಮಾಪನ."

ಈ ಐದು 'ಇ' ಕಂಡರೆ ನನಗೆ ಮೊದಲಿಂದಲೂ ಸ್ವಲ್ಪ ಮುನಿಸು. 1980ರ ದಶಕದ ಕೊನೆಯಲ್ಲಿ ಅಮೆರಿಕದವರು ಇದನ್ನು ಮಾಡಿಕೊಂಡಿದ್ದು ವಿಜ್ಞಾನದ ಪಾಠಕ್ಕೆ. ಒಂದು ಹೂವು ಕೊಟ್ಟು 'ಒಳಗೆ ಎಂತ ಇದೆ, ನೀವೇ ಹುಡುಕಿ' ಅಂದರೆ ಮಕ್ಕಳು ಹುಡುಕುತ್ತಾರೆ. ಹಳಗನ್ನಡದ ಪದ್ಯ ಕೊಟ್ಟು 'ನೀವೇ ಹುಡುಕಿ' ಅಂದರೆ ಅವರು ಮೊದಲು ಹುಡುಕುವುದು ಗೈಡನ್ನು.

"ನಮ್ಮ ಬಿ.ಎಡ್. ಕಾಲದಲ್ಲಿ ಹರ್ಬಾರ್ಟ್ ಅನ್ನುವ ಜರ್ಮನಿಯವನ ಐದು ಮೆಟ್ಟಿಲು ಇತ್ತು" ಅಂದೆ. "ಅವನು ಹೇಳಿದ್ದು ನಾಲ್ಕೇ. ಶಿಷ್ಯರು ಸೇರಿ ಐದು ಮಾಡಿದರು. ಈಗ ಮೆಟ್ಟಿಲು ಹೋಗಿ 'ಇ' ಬಂತು. ಐದು ಮಾತ್ರ ಬಿಡಲಿಲ್ಲ."

"ಐದಕ್ಕೆ ಟೈಮ್ ಎಲ್ಲಿದೆ ಮಾರಾಯ್ರೆ?" ಅಂತ ಇಂಗ್ಲಿಷ್ ಅಕ್ಕೋರು ಬೆರಳು ಮಡಚಿದರು. "ಪಿರಿಯಡ್ ಅಂದ್ರೆ 40 ನಿಮಿಷ. ಹಾಜರಿ ಕೂಗಬೇಕು. ಹಾಲು ಕುಡಿದವರು ಎಷ್ಟು, ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಅಂತ ಬರೆಯಬೇಕು. ಅಷ್ಟೊತ್ತಿಗೆ ಆಫೀಸಿನಿಂದ ಒಬ್ಬ ಹುಡುಗ ಬರ್ತಾನೆ, 'ಆಧಾರ್ ಜೆರಾಕ್ಸ್ ಯಾರು ಕೊಟ್ಟಿಲ್ಲ ಕೇಳಬೇಕಂತೆ' ಅಂತ. ಉಳಿಯೋದು 25 ನಿಮಿಷ. ಅದರಲ್ಲಿ ಒಂದು ಕೆಲಸ ನೆಟ್ಟಗೆ ಆದ್ರೆ ಸಾಕು ಅಂತ ನಾನು ಒಂದೇ ಬರೀತೇನೆ."

"ಚಟುವಟಿಕೆ ಇಲ್ಲ ಅಂದ್ರೆ ಸಾಹೇಬರು ಬಿಡ್ತಾರಾ? ನಾನಂತೂ ಥರ್ಮಾಕೋಲಿನಲ್ಲಿ ವರ್ಣಮಾಲೆ ಮಾಡಿಸಿದ್ದೇನೆ" ಅಂದರು ಹಿಂದಿ ಮಾಸ್ತರು.

ಥರ್ಮಾಕೋಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದನ್ನು ಕೊರೆದವರು ಮಕ್ಕಳ ಅಪ್ಪಂದಿರು, ಮೆಚ್ಚಿದವರು ಸಾಹೇಬರು, ತಿಂದಿದ್ದು ಇಲಿ.

"ಒಂದೇ ಅಂದ್ರೆ ಯಾವುದು ಅಕ್ಕೋರೆ?" ಅಂತ ನಾನು ಕೇಳಿದೆ.

ಅವರು ಹೇಳಿದ ಕತೆ ಇದು. ಒಂಬತ್ತನೇ ತರಗತಿಗೆ ಬಸ್ಸಿನ ವೇಳಾಪಟ್ಟಿ ತಯಾರು ಮಾಡಿದ್ದರು. ಅರ್ಧ ಪಟ್ಟಿ ಒಬ್ಬ ಹುಡುಗನ ಕೈಯಲ್ಲಿ, ಇನ್ನರ್ಧ ಪಕ್ಕದವನ ಕೈಯಲ್ಲಿ. ಒಬ್ಬನಿಗೆ ಶಿರಸಿಯಿಂದ ಕುಮಟೆಗೆ ಬಸ್ ಎಷ್ಟು ಹೊತ್ತಿಗೆ ಅಂತ ಗೊತ್ತು, ಇನ್ನೊಬ್ಬನಿಗೆ ಕುಮಟೆಯಿಂದ ಕಾರವಾರಕ್ಕೆ. ಒಬ್ಬರ ಹಾಳೆ ಇನ್ನೊಬ್ಬರು ನೋಡುವ ಹಾಗಿಲ್ಲ, ಇಂಗ್ಲಿಷಿನಲ್ಲೇ ಕೇಳಿ ತಿಳಿಯಬೇಕು. ಸಂಜೆ 5ರೊಳಗೆ ಕಾರವಾರ ಮುಟ್ಟಬೇಕು, ಯಾವ ಬಸ್ ಹಿಡಿಯುತ್ತೀರಿ? ಇಷ್ಟೇ ಪ್ರಶ್ನೆ.

ಮಕ್ಕಳು ಪಟ್ಟಿ ನೋಡುತ್ತಾ ಗುಸುಗುಸು ಶುರು ಮಾಡಿದರು. ಅಷ್ಟರಲ್ಲಿ ಹಿಂದಿನ ಬೆಂಚಿನವನೊಬ್ಬ ಎದ್ದ. ವರ್ಷವಿಡೀ ಇಂಗ್ಲಿಷ್ ಪಿರಿಯಡ್ಡಿನಲ್ಲಿ 'ಎಸ್ ಟೀಚರ್' ಬಿಟ್ಟು ಬೇರೆ ಮಾತಾಡದ ಹುಡುಗ. "ನೋ ಬಸ್, ಟೀಚರ್" ಅಂದ.

"ವೈ?"

"ದೇವಿಮನೆ ಘಾಟ್ ಕ್ಲೋಸ್ಡ್, ಟೀಚರ್! ಮಣ್ಣು ಫಾಲಿಂಗ್!"

ಶಿರಸಿಯಿಂದ ಕುಮಟೆಗೆ ಇಳಿಯುವ ಘಟ್ಟ ಅದು. ಕ್ಲಾಸಿಗೆ ಕ್ಲಾಸೇ ಎದ್ದಿತಂತೆ. ಒಬ್ಬಳು ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಬಹುದು ಅಂದಳು. 'ಟೂ ಲಾಂಗ್, ನಾಟ್ ರೀಚ್ ಫೈವ್' ಅಂತ ಇನ್ನೊಬ್ಬ. ಸಿದ್ದಾಪುರದ ಮೇಲೆ ಹೋಗುವ ದಾರಿ ಹೇಳಿದ ಮತ್ತೊಬ್ಬನಿಗೆ ಅಲ್ಲಿ ಅಜ್ಜಿಮನೆ. 'ಈಟ್ ಆಲ್ಸೋ, ಗೋ ಆಲ್ಸೋ' ಅಂದ ಪುಣ್ಯಾತ್ಮ.

"ವ್ಯಾಕರಣ?" ಅಂದರು ಹಿಂದಿ ಮಾಸ್ತರು, ತನಿಖಾಧಿಕಾರಿಯ ಧ್ವನಿಯಲ್ಲಿ.

"ಪೂರ್ತಿ ತಪ್ಪು. ಆದ್ರೆ ಬಾಯಿ ಪೂರ್ತಿ ತೆಗೆದಿದ್ರು" ಅಂದರು ಅಕ್ಕೋರು. "ಇದೇನು ನನ್ನ ತಲೆಯಿಂದ ಬಂದಿದ್ದಲ್ಲ. ಎನ್.ಎಸ್. ಪ್ರಭು ಅಂತ ಒಬ್ಬರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಕಡೆ ಶಾಲೆಗಳಲ್ಲಿ ಹೀಗೇ ಮಾಡಿದ್ರು. ವ್ಯಾಕರಣದ ಪಾಠ ಅಂತ ಬೇರೆ ಮಾಡದೆ, ನಕ್ಷೆ, ರೈಲಿನ ಟೈಮ್‌ಟೇಬಲ್ ಕೊಟ್ಟು ಲೆಕ್ಕ ಬಿಡಿಸೋದು. ಬೆಂಗಳೂರು ಪ್ರಾಜೆಕ್ಟ್ ಅಂತ ಹೊರದೇಶದವರೂ ಓದ್ತಾರೆ."

"ಪ್ರಭು ಅಂದ್ರೆ ನಮ್ಮ ಕುಮಟೆ ಕಡೆಯವರಾ?" ಅಂತ ಡ್ರಿಲ್ ಮಾಸ್ತರು ತಕ್ಷಣ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಯಾವ ಸಿದ್ಧಾಂತಕ್ಕಾದರೂ ಮೊದಲು ಊರು, ಮನೆತನ ಕೇಳಬೇಕು. ಆಮೇಲೆ ಒಪ್ಪುವುದು, ಬಿಡುವುದು.

ಅಕ್ಕೋರು ಅದಕ್ಕೆ ಉತ್ತರ ಕೊಡದೆ ಮುಂದುವರಿದರು. ಪ್ರಭು ಅವರ ಪ್ರಕಾರ ಮಕ್ಕಳಿಗೆ ಕೊಡುವ ಕೆಲಸದಲ್ಲಿ ಒಂದು ಅಂತರ ಇರಬೇಕು. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದೆ ಇದ್ದರೆ ಮಾಹಿತಿಯ ಅಂತರ. ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಯೋಚಿಸಿ ತೆಗೆಯಬೇಕಾದರೆ ತರ್ಕದ ಅಂತರ. ಒಬ್ಬೊಬ್ಬರ ಅನಿಸಿಕೆ ಒಂದೊಂದಾದರೆ ಅಭಿಪ್ರಾಯದ ಅಂತರ. ಪ್ರಭು ಅವರ ಒಲವು ತರ್ಕದ ಕಡೆಗೆ.

"ಗುಂಪು ಮಾಡಿಸ್ತಿದ್ರಾ ಅವರು?" ಹಿಂದಿ ಮಾಸ್ತರಿಗೆ ಗುಂಪು ಚಟುವಟಿಕೆ ಕಂಡರೆ ಆಗುವುದಿಲ್ಲ. ಬೆಂಚು ಎಳೆಯುವ ಸದ್ದಿಗೇ ಅರ್ಧ ಪಿರಿಯಡ್ ಹೋಗುತ್ತದೆ ಎಂಬುದು ಅವರ ದೂರು.

"ಇಲ್ಲ. ಮೊದಲು ಮಾಸ್ತರು ಇಡೀ ಕ್ಲಾಸಿನ ಎದುರು ಅಂಥದ್ದೇ ಒಂದು ಲೆಕ್ಕ ಬಿಡಿಸೋದು. ಆಮೇಲೆ ಮಕ್ಕಳು ಒಬ್ಬೊಬ್ಬರೇ ಮಾಡೋದು. ಮಕ್ಕಳು ಮಕ್ಕಳೇ ಮಾತಾಡಿಕೊಂಡ್ರೆ ಒಬ್ಬನ ತಪ್ಪು ಇನ್ನೊಬ್ಬನಿಗೆ ಗಟ್ಟಿಯಾಗ್ತದೆ ಅಂತ ಗುಂಪಿಗೆ ಒತ್ತು ಕೊಡಲಿಲ್ಲ. ನಾನು ಜೋಡಿ ಮಾಡಿದ್ದು ನನ್ನ ಸ್ವಂತ ಜವಾಬ್ದಾರಿ."

ಹಿಂದಿ ಮಾಸ್ತರು ಇನ್ನೊಂದು ಬನ್ಸ್ ಹೇಳಿದರು. ಅವರ ಮುಖದಲ್ಲಿ ಪ್ರಭು ಅವರ ಮೇಲೆ ಒಮ್ಮೆಲೇ ಭಕ್ತಿ ಹುಟ್ಟಿತ್ತು.

"ಇನ್ನೂ ಒಂದು ಇದೆ. ಅರ್ಧದಷ್ಟಾದರೂ ಮಕ್ಕಳಿಗೆ, ಅರ್ಧದಷ್ಟಾದರೂ ಸರಿ ಬಂದ್ರೆ ಕೊಟ್ಟ ಕೆಲಸ ಹದವಾಗಿದೆ ಅಂತ ಅವರ ಅಂದಾಜು."

"ಅರ್ಧ ಜನಕ್ಕೆ ಅರ್ಧ! ಅಂದ್ರೆ ನಮ್ಮ ಶಾಲೆ ಇಷ್ಟು ವರ್ಷ ಹದದಲ್ಲೇ ಇತ್ತಲ್ಲ, ನಾವೇ ಸುಮ್ನೆ ಬೇಜಾರು ಮಾಡಿಕೊಂಡ್ವಿ" ಅಂದರು ಡ್ರಿಲ್ ಮಾಸ್ತರು.

ಈ ಅಂತರದ ಮಾತು ಕೇಳಿ ನನಗೆ ಕಾರವಾರದ ದಿನಗಳು ನೆನಪಾದವು. ಅಲ್ಲಿ ಮಕ್ಕಳ ಮನೆಮಾತು ಕೊಂಕಣಿ. ಕನ್ನಡ ಅವರಿಗೆ ಶಾಲೆಯ ಮಾತು, ಅದೂ ಪರೀಕ್ಷೆಯ ಮಾತು. ನಾನು ಅಡಿಕೆ ತೋಟದ ನಡುವೆ ಬೆಳೆದವನು. ಮೀನು ಅಂದರೆ ವಿಷ್ಣುವಿನ ಮೊದಲ ಅವತಾರ ಅನ್ನುವುದು ಬಿಟ್ಟು ಬೇರೆ ಏನೂ ಗೊತ್ತಿಲ್ಲ. 'ಈ ಪದ್ಯ ಬರೆದವರು ಯಾರು?' ಅಂತ ಕೇಳಿದರೆ ಇಡೀ ಕ್ಲಾಸು ಕಿಟಕಿ ನೋಡುತ್ತಿತ್ತು. ಉತ್ತರ ನನಗೆ ಗೊತ್ತು, ಪುಸ್ತಕದಲ್ಲೂ ಇದೆ. ಮತ್ತೆ ಯಾಕೆ ಕೇಳುತ್ತಾನೆ ಈ ಮಾಸ್ತರ ಅಂತ ಅವರಿಗೆ ಅನಿಸಿದ್ದರೆ ತಪ್ಪೇನು?

ಆಗಸ್ಟ್ ಶುರುವಿನಲ್ಲಿ ಒಂದು ದಿನ ಹಾಜರಿ ಕಮ್ಮಿ. ಯಾಕೆ ಅಂದೆ. "ಬೋಟು ಹೊರಟಿದೆ ಸರ್" ಅಂದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆ ಇಡುವ ಕಾಲ ಅದು ಅಂತ ಒಬ್ಬಳು ವಿವರಿಸಿದಳು. ನನಗೆ ಅದೆಲ್ಲ ಹೊಸತು. "ಹೌದಾ? ಹಾಗಾದರೆ ಬಾಂಗಡೆಗೂ ತಾರ್ಲೆಗೂ ಎಂತ ವ್ಯತ್ಯಾಸ?" ಅಂತ ಕೇಳಿದೆ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಅದು ಮಕ್ಕಳಿಗೂ ತಿಳಿಯಿತು.

ಅಲ್ಲಿಂದ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಬಾಂಗಡೆ ಬೆನ್ನಿನ ಮೇಲೆ ಕಪ್ಪು ಗೆರೆ ಇರ್ತದೆ ಸರ್. ತಾರ್ಲೆ ಅದಕ್ಕಿಂತ ಸಣ್ಣದು, ಮುಳ್ಳು ಜಾಸ್ತಿ. ಇಲ್ಲ ಸರ್, ರುಚಿ ತಾರ್ಲೆಯದೇ. ಕೊಂಕಣಿ ನಡುವೆ ನುಗ್ಗಿದರೆ 'ನನಗೆ ಅರ್ಥ ಆಗಲಿಲ್ಲ' ಅನ್ನುತ್ತಿದ್ದೆ, ಮತ್ತೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಮರುದಿನ ಬರೆಯಲು ಕೊಟ್ಟಿದ್ದು: 'ಮೀನು ಗೊತ್ತಿಲ್ಲದವನು ಮಾರ್ಕೆಟ್ಟಿಗೆ ಹೋದರೆ ತಾಜಾ ಮೀನು ಆರಿಸುವುದು ಹೇಗೆ?' ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಒತ್ತಿದರೆ ಮಾಂಸ ಗಟ್ಟಿ ಇರಬೇಕು, ಮಾರುವವಳು 'ಈಗ ಬಂದಿದ್ದು' ಅಂದರೆ ನಂಬಬಾರದು. ಪುಟ ತುಂಬಾ ಬರೆದಿದ್ದರು. ಪ್ರಬಂಧಕ್ಕೆ ಪೀಠಿಕೆ, ಉಪಸಂಹಾರ ಒಂದೂ ಇರಲಿಲ್ಲ, ಪುಣ್ಯಕ್ಕೆ.

"ಯೋಜನೆ ಪುಸ್ತಕದಲ್ಲಿ ಇದನ್ನ ಎಂತ ಅಂತ ಬರೆದ್ರಿ?" ಅಂದರು ಅಕ್ಕೋರು.

"ತೊಡಗಿಸುವುದು: ಬಾಂಗಡೆ. ವಿಸ್ತರಿಸುವುದು: ತಾರ್ಲೆ" ಅಂದೆ. ಈಗಲೂ ಯೋಜನೆ ಬರೆಯುವಾಗ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇನೆ: ಇವತ್ತು ಯಾರು, ಯಾರಿಗೆ, ಅವರಿಗೆ ಗೊತ್ತಿಲ್ಲದ್ದನ್ನು ಹೇಳುತ್ತಾರೆ? ಆ ಸಾಲು ತುಂಬಿದರೆ ಉಳಿದ ಕಾಲಂಗಳಿಗೆ ಏನು ಬರೆದರೂ ನಡೆಯುತ್ತದೆ.

ಹಿಂದಿ ಮಾಸ್ತರು ಇನ್ನೂ ಬಗ್ಗಲಿಲ್ಲ. "ಕಾಗುಣಿತ, ಒತ್ತಕ್ಷರ ಇದರಿಂದ ಬರ್ತದಾ? ಅದಕ್ಕೆ ಉಕ್ತಲೇಖನವೇ ಬೇಕು."

"ಉಕ್ತಲೇಖನವೂ ಕೊಡೋಣ, ಓಡಿಸಿ ಕೊಡೋಣ" ಅಂದೆ.

ನಾನು ಮಾಡುವುದು ಹೀಗೆ. ಒಂದು ಪ್ಯಾರಾ ಬರೆದು ಜಗುಲಿಯ ಕಂಬಕ್ಕೆ ಅಂಟಿಸುತ್ತೇನೆ. ಇಬ್ಬಿಬ್ಬರ ಜೋಡಿ. ಒಬ್ಬ ಓಡಿ ಹೋಗಿ ಒಂದು ಸಾಲು ಓದಿ, ನೆನಪಿಟ್ಟುಕೊಂಡು, ವಾಪಸ್ ಬಂದು ಹೇಳಬೇಕು. ಇನ್ನೊಬ್ಬ ಕುಳಿತಲ್ಲೇ ಬರೆಯಬೇಕು. ಅರ್ಧಕ್ಕೆ ಅದಲು ಬದಲು. 'ವಿದ್ಯಾಭ್ಯಾಸ' ಅಂತ ಬಂದು ಹೇಳಿದವನಿಗೆ ಬರೆಯುವವಳು ಕೇಳುತ್ತಾಳೆ, "ಬ ಹೊಟ್ಟೆ ಸೀಳಿದ್ದಾ, ಸೀಳದೆ ಇದ್ದದ್ದಾ?" ಅವನಿಗೆ ಅನುಮಾನ. ಮತ್ತೆ ಓಡುತ್ತಾನೆ. ನಾನು ಹತ್ತು ಸಲ ಬೋರ್ಡಿನ ಮೇಲೆ ಬರೆದು ತೋರಿಸಿದಾಗ ನೋಡದವನು ಆ ಭಕಾರವನ್ನು ಕಂಬಕ್ಕೆ ಮೂಗು ತಾಗಿಸಿ ನೋಡುತ್ತಾನೆ.

ಇಷ್ಟು ಹೊತ್ತು ಭಾಜಿ ನೋಡುತ್ತಿದ್ದ ಡ್ರಿಲ್ ಮಾಸ್ತರು ಒಮ್ಮೆಲೇ ನೆಟ್ಟಗೆ ಕುಳಿತರು. "ಓಡೋದು ಯಾರ ಸಬ್ಜೆಕ್ಟು?"

ಯಾರೂ ಮಾತಾಡಲಿಲ್ಲ.

"ನನ್ನದು. ಮಳೆಗಾಲದಲ್ಲಿ ಜಗುಲಿ ಜಾರ್ತದೆ. ಬಿದ್ದರೆ ಕೇಳೋದು ನನ್ನನ್ನೇ. ಹಾಗಾಗಿ ಸೆಪ್ಟೆಂಬರಿನವರೆಗೆ ಅದು ಓಡುವ ಉಕ್ತಲೇಖನ ಅಲ್ಲ, ಬೇಗ ನಡೆಯುವ ಉಕ್ತಲೇಖನ. ಆಮೇಲೆ ಓಡಿ, ಅಡ್ಡಿಲ್ಲ. ಸೀಟಿ ನಾನೇ ಊದ್ತೇನೆ."

"ನಿಮ್ಮನ್ನ ಯೋಜನೆಯಲ್ಲಿ ಕಲಿಕೋಪಕರಣ ಅಂತ ಬರೆಯಬಹುದಾ?" ಅಂದರು ಅಕ್ಕೋರು.

"ಬರೀರಿ. ಆದ್ರೆ ಲೆಕ್ಕ ಬೇರೆ ಇದೆ" ಅಂತ ಅವರು ಜೇಬಿನಿಂದ ಮಡಚಿದ ಡೈರಿ ತೆಗೆದರು. ಒದ್ದೆಯಾದ ಹಾಳೆಯಲ್ಲಿ ನಮ್ಮ ಮೂವರ ಹೆಸರು, ಮುಂದೆ ತಾರೀಕುಗಳು. ಹತ್ತನೇ ತರಗತಿಯ ಸಿಲೆಬಸ್ ಮುಗಿದಿಲ್ಲ ಅಂತ ನಾವು ಕೇಳಿ ಪಡೆದ ಆಟದ ಪಿರಿಯಡ್ಡುಗಳು. ಕೇಳದೆ ಪಡೆದವು ಕೆಂಪು ಇಂಕಿನಲ್ಲಿ.

ಕನ್ನಡದ ಸಾಲೇ ಎಲ್ಲಕ್ಕಿಂತ ಉದ್ದ ಇತ್ತು. ಹಿಂದಿ ಮಾಸ್ತರು ಆಗಲೇ ಕವಳ ಬಾಯಿಗೆ ಹಾಕಿಕೊಂಡಿದ್ದರು, ಹಾಗಾಗಿ ಅವರು ಏನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಕೈಯಿಂದ ನನ್ನ ಕಡೆ ತೋರಿಸಿದರು.

"ಓಡುವ ಉಕ್ತಲೇಖನ ಎಷ್ಟು ಆಗ್ತದೋ ಅಷ್ಟು ಪಿರಿಯಡ್ ಸಾಲ ತೀರಿದ ಹಾಗೆ" ಅಂತ ನಾನು ಚೌಕಾಸಿಗೆ ಇಳಿದೆ.

"ಅಸಲು ತೀರ್ತದೆ ಮಾಸ್ತರೆ" ಅಂದರು ಡ್ರಿಲ್ ಮಾಸ್ತರು, ಪೆನ್ನಿನ ಟೋಪಿ ತೆಗೆಯುತ್ತಾ. "ಬಡ್ಡಿಗೆ ಎಂತ ಮಾಡ್ತೀರಿ ಹೇಳಿ."